ಬಿಳಿ ಮಚ್ಚೆಯ ನಾಲ್ಕು ಹಲ್ಲು

ದವಾಖಾನೆಯ ಹಲ್ಲಿನ ಕೋಣೆಗೆ ಹೊಸದಾಗಿ ಆಯಾ ಕೆಲಸಕ್ಕೆ ಸೇರಿದ ಇಬ್ಬರು ಹುಡುಗಿಯರು ಹೋದ ತಿಂಗಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಿದ್ದರು. ಅಲ್ಲಿ ಏನೇನು ಮಾಡಬೇಕು ಎಂದು ಕೇಳಿದರು. ಹತ್ತಿ ಎಲ್ಲಿಡಬೇಕು, ಸಾಮಾನು ಹೇಗೆ ತೊಳೆಯಬೇಕು ಎನ್ನುವುದನ್ನೆಲ್ಲ ಅಲ್ಲಿಯ ಗೋಡೆಗೆ ಅಂಟಿಸಿದ್ದಾರೆ, ಓದಿಕೊಳ್ಳಿ ಅಂದೆ. ಗೋಡೆಯ ಮೇಲೆ ಇಲ್ಲದ್ದನ್ನು ಬರೆದುಕೊಡುತ್ತೇನೆ ಎಂದು ಮಾತು ಕೊಟ್ಟೆ, ಈಗ ಕೂತಿದ್ದೇನೆ. ನಾನು ಓದಿದ್ದು ಏಳನೆಯ ಇಯತ್ತೆ, ಅದೂ ಪಾಸಾಗಿಲ್ಲ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ಯಾವ ಊರಿನ ದವಾಖಾನೆ ಎಂದು ಬರೆಯುವುದಿಲ್ಲ. ಅಲ್ಲಿದ್ದವರು ಇನ್ನೂ ಬದುಕಿದ್ದಾರೆ, ನನಗೂ ಅವರಿಗೂ ಈಗ ಜಗಳ ಬೇಡ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ ಕಡೆಯ ಬಾಯಿಗಳು ನಮ್ಮ ಕುರ್ಚಿಯಲ್ಲಿ ತೆರೆದಿವೆ ಅಂದರೆ ಸಾಕು. ಹಲ್ಲುನೋವಿನವರ ಬಗ್ಗೆ ಹೇಳುವುದು ಏನೂ ಇಲ್ಲ. ಅವರು ಅಳುತ್ತಾ ಬರುತ್ತಾರೆ, ಉಗುಳುತ್ತಾ ಹೋಗುತ್ತಾರೆ. ನಾನು ಬರೆಯಬೇಕೆಂದಿರುವುದು ಹಲ್ಲಿನ ಮೇಲೆ ಬಿಳಿ ಮಚ್ಚೆ ಬಂದವರ ವಿಷಯ. ಅವರಿಗೆ ನೋವಿರುವುದಿಲ್ಲ. ನೋವಿಲ್ಲದ ರೋಗಿಯೇ ಹೆಚ್ಚು ತಲೆ ತಿನ್ನುವವನು, ಇದನ್ನು ಮೊದಲು ತಿಳಿದುಕೊಳ್ಳಿ.

ನನ್ನ ಮೊದಲ ಡಾಕ್ಟರ್ ಸಾಹೇಬರು ಮಾತಾಡಿದ್ದಕ್ಕಿಂತ ಗದರಿದ್ದು ಹೆಚ್ಚು. ಯಾರು ಕುರ್ಚಿಗೆ ಬಂದು ಕೂತರೂ ನನಗೆ ಒಂದೇ ಹುಕುಂ: ಒಣಗಿಸು. ನಾನು ಹತ್ತಿಯ ಉಂಡೆ ತುಟಿಯ ಒಳಗೆ ಇಟ್ಟು, ಗಾಳಿಯ ಪಿಚಕಾರಿಯಿಂದ ಹಲ್ಲಿಗೆ ಗಾಳಿ ಊದಬೇಕು. ಯಾಕೆ ಎಂದು ವರ್ಷಗಟ್ಟಲೆ ನನಗೂ ಗೊತ್ತಿರಲಿಲ್ಲ. ಒಮ್ಮೆ ಅವರು ಖುಷಿಯಲ್ಲಿದ್ದಾಗ ಕೇಳಿಬಿಟ್ಟೆ. ಬಾ ಇಲ್ಲಿ ಎಂದು ಕರೆದು, ಒಬ್ಬ ಹುಡುಗನ ಹಲ್ಲನ್ನು ಮೊದಲು ಒದ್ದೆಯಾಗಿ ತೋರಿಸಿದರು. ಏನೂ ಕಾಣಲಿಲ್ಲ. ಆಮೇಲೆ ಗಾಳಿ ಊದಿಸಿದರು. ಒಸಡಿನ ಅಂಚಿಗೆ ಸುಣ್ಣದ ಗೆರೆ ಎಳೆದಂತೆ ಬಿಳಿ ಪಟ್ಟಿ ಎದ್ದು ಬಂತು. ಹುಳುಕು ತೂತಾಗುವ ಮೊದಲು ಹೀಗೆ ಬೆಳ್ಳಗೆ ಕಾಣುತ್ತದೆಯಂತೆ. ಎಂಜಲಿನಲ್ಲಿ ಒದ್ದೆಯಾಗಿದ್ದಾಗ ಅಡಗಿಕೊಂಡಿರುತ್ತದೆ. ಈ ಹಂತದಲ್ಲಿ ಹಿಡಿದರೆ ಕೊರೆಯುವುದೂ ಬೇಡ, ತುಂಬುವುದೂ ಬೇಡ.

ಕಲಿತ ಮೇಲೆ ನನಗೆ ಹುರುಪು ಹೆಚ್ಚಾಯಿತು. ಹುರುಪು ಹೆಚ್ಚಾದರೆ ಏನಾಗುತ್ತದೆ ಎನ್ನುವುದಕ್ಕೆ ಕಿನ್ನಾಳದ ಒಬ್ಬ ಬಣ್ಣಗಾರ ಸಾಕ್ಷಿ. ಮರದ ಗೊಂಬೆಗಳಿಗೆ ಬಣ್ಣ ಬರೆಯುವವನು. ಸೈಕಲ್ ಮೇಲಿಂದ ಬಿದ್ದು ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡಿದ್ದ. ಹಲ್ಲಿನ ಬಣ್ಣದ್ದೇ ಸಿಮೆಂಟು ಹಚ್ಚಿ ಮೂಲೆ ಕಟ್ಟಿಕೊಡಬೇಕಿತ್ತು. ಬೇರೆ ಬೇರೆ ಬಿಳುಪಿನ ಸಣ್ಣ ಹಲ್ಲುಗಳನ್ನು ಪಟ್ಟಿಗೆ ಜೋಡಿಸಿರುತ್ತಾರಲ್ಲ, ಅದನ್ನು ಬಾಯಿಯ ಹತ್ತಿರ ಹಿಡಿದು ಯಾವ ಬಿಳುಪು ಹೊಂದುತ್ತದೆ ಎಂದು ಸಾಹೇಬರು ಆರಿಸುತ್ತಿದ್ದರು. ಆವತ್ತು ಅವರು ಫೋನಿನಲ್ಲಿದ್ದರು. ಅಷ್ಟರಲ್ಲಿ ನಾನು ಜಾಣತನ ಮಾಡಿ ಆ ಮನುಷ್ಯನ ಬಾಯಿಯನ್ನು ಬಟ್ಟೆ ಒಣಗಿಸಿದಂತೆ ಒಣಗಿಸಿಟ್ಟಿದ್ದೆ. ಸಾಹೇಬರು ಬಂದರು, ಬಣ್ಣ ಆರಿಸಿದರು, ಹಚ್ಚಿದರು, ಕಳಿಸಿದರು.

ನಾಲ್ಕು ದಿನಕ್ಕೆ ಅವನು ವಾಪಸು ಬಂದ. ಬಾಯಿ ತೆರೆದರೆ ಒಂದೇ ಹಲ್ಲು ಹೊಸದಾಗಿ ಸುಣ್ಣ ಬಳಿದ ಗೋಡೆಯಂತೆ ಹೊಳೆಯುತ್ತಿತ್ತು. ಸಾಹೇಬರು ಸಿಮೆಂಟಿನ ಕಂಪನಿಯವರಿಗೆ ಬೈಯತೊಡಗಿದರು. ಬಣ್ಣಗಾರ ಮಾತ್ರ ನಗುತ್ತಾ ಕೂತಿದ್ದ.

"ಸಾಹೇಬ್ರ, ಹಸಿ ಬಣ್ಣ ಬ್ಯಾರೆ, ಒಣಗಿದ ಬಣ್ಣ ಬ್ಯಾರೆ. ಇದು ನಮ್ಮ ಕೆಲಸದಾಗ ಮೊದಲ್ನೇ ಪಾಠ. ನೀವು ಆವತ್ತು ನನ್ನ ಬಾಯಿ ಒಣಗಿಸಿ ಬಣ್ಣ ನೋಡಿದ್ರಿ. ನನ್ನ ಬಾಯಿ ದಿನಾ ಹಂಗ ಒಣಗಿರ್ತೈತೇನ್ರಿ?"

ಸಾಹೇಬರು ತಿರುಗಿ ನನ್ನನ್ನು ನೋಡಿದರು. ನಾನು ಬಕೆಟ್ಟನ್ನು ನೋಡಿದೆ. ಅವತ್ತು ಆ ಸಿಮೆಂಟು ಕೆರೆದು ತೆಗೆದು, ಒದ್ದೆ ಹಲ್ಲಿಗೇ ಬಣ್ಣ ಹಿಡಿದು ನೋಡಿ ಮತ್ತೆ ಕಟ್ಟಿದ್ದಾಯಿತು. ಯಾವ ಬಿಳುಪು ಎಂದು ಆರಿಸಿದ್ದು ಮಾತ್ರ ಸಾಹೇಬರಲ್ಲ, ಬಣ್ಣಗಾರನೇ. ಕನ್ನಡಿ ಹಿಡಿದುಕೊಂಡು ತಾನೇ ಹೇಳಿದ, ಸರಿಯಾಗಿ ಹೊಂದಿತು. ಒಣಗಿದ ಹಲ್ಲು ಇದ್ದದ್ದಕ್ಕಿಂತ ಬೆಳ್ಳಗೆ ಕಾಣುತ್ತದೆ. ಮಚ್ಚೆ ಹುಡುಕುವುದಾದರೆ ಒಣಗಿಸಿ, ಬಣ್ಣ ಹೊಂದಿಸುವುದಾದರೆ ಒಣಗಿಸುವ ಮೊದಲೇ ಆರಿಸಿ. ಇದು ಗೋಡೆಯ ಮೇಲೆ ಇಲ್ಲ, ಬರೆದುಕೊಳ್ಳಿ.

ಒಬ್ಬರು ಹೆಡ್ಮಾಸ್ತರರೂ ನನಗೆ ಇದೇ ಪಾಠವನ್ನು ಬೇರೆ ರೀತಿ ಕಲಿಸಿದರು. ಬೆಳಿಗ್ಗೆ ಎದ್ದು ಕನ್ನಡಿ ನೋಡಿದರೆ ಮುಂದಿನ ಹಲ್ಲಿನ ತುಂಬ ಬಿಳಿ ಚುಕ್ಕೆ, ದವಾಖಾನೆಗೆ ಬಂದು ಸರದಿ ಬರುವ ಹೊತ್ತಿಗೆ ಚುಕ್ಕೆ ಮಾಯ. ಮೂರು ಸಲ ಬಂದರು, ಮೂರು ಸಲವೂ ಸಾಹೇಬರು ಏನೂ ಇಲ್ಲ ಎಂದು ಕಳಿಸಿದರು. ಮಾಸ್ತರರಿಗೆ ತಮ್ಮ ತಲೆಯೇ ಕೆಟ್ಟಿದೆಯೇನೋ ಎಂಬ ಅನುಮಾನ ಹುಟ್ಟಿತು. ಜೊತೆಗೆ ಬಂದಿದ್ದ ಅವರ ಹೆಂಡತಿಯನ್ನು ನಾನು ಬದಿಗೆ ಕರೆದು, ಇವರು ಬಾಯಿ ತೆರೆದು ಮಲಗುತ್ತಾರೇನು ಎಂದು ಕೇಳಿದೆ. ಆಕೆ ಎಷ್ಟೋ ವರ್ಷದಿಂದ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಕಾದವಳಂತೆ ಗೊರಕೆಯ ಕಥೆ ಶುರು ಮಾಡಿದಳು. ರಾತ್ರಿಯಿಡೀ ಗಾಳಿಗೆ ಹಲ್ಲು ಒಣಗಿ ಬೆಳ್ಳಗಾಗುತ್ತಿತ್ತು, ನಮ್ಮ ಪಿಚಕಾರಿಯ ಒಂದು ಕ್ಷಣದ ಗಾಳಿಗೆ ಅಷ್ಟು ಒಣಗುತ್ತಿರಲಿಲ್ಲ, ಎಂಜಲು ಮುಟ್ಟಿದ ಮೇಲೆ ಸರಿಹೋಗುತ್ತಿತ್ತು, ಅಷ್ಟೇ. ಮಾಸ್ತರರನ್ನು ಮೂಗಿನ ಡಾಕ್ಟರ ಕಡೆಗೆ ಕಳಿಸಿದೆವು.

ಚಿಕ್ಕ ಮಕ್ಕಳ ಬಿಳಿ ಗೆರೆಯದು ಬೇರೆ ಲೆಕ್ಕ. ಸಕ್ಕರೆ ಹಾಲಿನ ಬಾಟಲಿ ಬಾಯಿಗೆ ಕೊಟ್ಟು ಮಲಗಿಸುವ ತಾಯಂದಿರು ಇದ್ದಾರಲ್ಲ, ಆ ಮಕ್ಕಳ ಮೇಲಿನ ಹಲ್ಲಿಗೆ ಒಸಡಿನ ಪಕ್ಕ ಬರುತ್ತದೆ. ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಸರಿಯಾಗಿ ತಿಕ್ಕದ ಕಾಲೇಜು ಹುಡುಗಿಯರಿಗೂ ತಂತಿಯ ಸುತ್ತ ಬರುತ್ತದೆ. ಸಿಹಿ ಬಿಡಿ, ಎರಡು ಹೊತ್ತು ತಿಕ್ಕಿ ಎಂದು ಹೇಳಿ, ಫ್ಲೋರೈಡಿನ ಎಣ್ಣೆಯಂಥ ಮದ್ದು ಸವರಿ ಕಳಿಸುತ್ತಿದ್ದೆವು. ಈ ಫ್ಲೋರೈಡೇ ಕುಡಿಯುವ ನೀರಿನಲ್ಲಿ ಹೆಚ್ಚಾದರೆ ಹಲ್ಲಿಗೆ ಮಚ್ಚೆ ತರುತ್ತದೆ. ಒಂದೇ ವಸ್ತು ರೋಗವೂ ಹೌದು ಮದ್ದೂ ಹೌದು ಎನ್ನುವುದು ನನ್ನ ತಲೆಗೆ ಹತ್ತಲು ಎರಡು ವರ್ಷ ಬೇಕಾಯಿತು. ಕೊನೆಗೆ ಸಾರಿಗೆ ಹಾಕುವ ಉಪ್ಪಿನ ಹಾಗೆ ಎಂದು ನಾನೇ ಅರ್ಥ ಮಾಡಿಕೊಂಡೆ. ನೀವೂ ಹಾಗೇ ಹೇಳಿ, ಜನಕ್ಕೆ ತಿಳಿಯುತ್ತದೆ.

ಇನ್ನು ರೇಣುಕಾಳ ವಿಷಯ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಇದೊಂದನ್ನು ಮಾತ್ರ ಪೂರ್ತಿ ಹೇಳಬೇಕು.

ಆ ಹೊತ್ತಿಗೆ ಹಳೆಯ ಸಾಹೇಬರು ಹೋಗಿ ಮೈಸೂರಿನ ಕಡೆಯ ಒಬ್ಬ ಹುಡುಗಿ ಡಾಕ್ಟರಾಗಿ ಬಂದಿದ್ದಳು. ಎಲ್ಲರೂ ಮೇಡಂ ಅನ್ನುತ್ತಿದ್ದೆವು. ಬಂದು ಇನ್ನೂ ತಿಂಗಳಾಗಿರಲಿಲ್ಲ. ನಮ್ಮ ಮಾತು ಅವಳಿಗೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ನಾನು ಹೇಳುತ್ತಿದ್ದೆ. ಆವತ್ತು ಸಂತೆಯ ದಿನ, ಹೊರಗೆ ಸಾಲು ಬಾಗಿಲು ದಾಟಿತ್ತು. ಹಿಟ್ನಾಳದ ಆಚೆಯ ಒಂದು ಊರಿನಿಂದ ನೀಲವ್ವ ಎಂಬ ಹೆಂಗಸು ತನ್ನ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಹಿಂದೆ ಸೊಸೆ ಶಾಂತವ್ವ, ತುಟಿಯ ಮೇಲೆ ಸೆರಗು ಹಿಡಿದುಕೊಂಡು. ಹುಡುಗಿ ರೇಣುಕಾ, ಹನ್ನೆರಡು ವರ್ಷದವಳು. ಅವಳ ಮೇಲಿನ ನಾಲ್ಕು ಮುಂಹಲ್ಲಿಗೆ ಮೋಡ ಹರಡಿದಂತೆ ಬಿಳಿ ಮಚ್ಚೆ, ನಡುವೆ ಅಲ್ಲಲ್ಲಿ ತಿಳಿ ಹಳದಿ. ಇಟ್ಟಿಗೆ ಪುಡಿ ಹಾಕಿ ತಿಕ್ಕಿ ತಿಕ್ಕಿ ಒಸಡು ಕೆಂಪಾಗಿತ್ತು.

ನೀಲವ್ವ ಬಂದದ್ದು ಮದ್ದಿಗಲ್ಲ. ನಾಲ್ಕೂ ಹಲ್ಲು ಕೀಳಿಸಲು ಬಂದಿದ್ದಳು.

"ಹುಳ ಹತ್ಯಾವ್ರಿ. ಬಾಜೂ ಹಲ್ಲಿಗೆ ದಾಟೂದ್ರಾಗ ಕಿತ್ತ್ ಒಗೀರಿ. ಎಳಿ ವಯಸ್ಸೈತಿ, ಮತ್ತ ಛಲೋವು ಬರ್ತಾವ."

ಮೇಡಂ ಗಾಬರಿಯಾದಳು. ಹನ್ನೆರಡು ವರ್ಷಕ್ಕೆ ಬಂದಿರುವ ಮುಂಹಲ್ಲು ಕಿತ್ತರೆ ಮತ್ತೆ ಬರುವುದಿಲ್ಲ ಎಂದು ಹೇಳಿದಳು, ಇದು ಹುಳವಲ್ಲ, ಹಲ್ಲು ಗಟ್ಟಿಯಾಗಿದೆ, ನೀರಿನಿಂದ ಬಂದ ಮಚ್ಚೆ ಎಂದಳು. ಅಷ್ಟೇ ಬೇಕಾಗಿತ್ತು ನೀಲವ್ವನಿಗೆ. ತಮ್ಮ ಊರಿಗೆ ಹೊಳೆಯ ನೀರು ಬರುತ್ತದೆ, ಬೋರಿನ ನೀರು ಯಾರೂ ಕುಡಿಯುವುದಿಲ್ಲ, ಇವಳ ತಮ್ಮ ಅದೇ ಕೊಡದ ನೀರು ಕುಡಿಯುತ್ತಾನೆ, ಅವನ ಹಲ್ಲು ಹಾಲಿನಂತಿವೆ ಎಂದು ವಾದಿಸಿದಳು. ಮೇಡಂ, ಚಿಕ್ಕವಳಿದ್ದಾಗ ಬಿದ್ದಿದ್ದಳೇ, ದೊಡ್ಡ ಜ್ವರ ಬಂದಿತ್ತೇ ಎಂದೆಲ್ಲ ಕೇಳಿದಳು. ಬಿದ್ದಿದ್ದರೆ ಒಂದೋ ಎರಡೋ ಹಲ್ಲಿಗೆ ಬರಬೇಕು, ನಾಲ್ಕಕ್ಕೂ ಒಂದೇ ಸಮ ಹೇಗೆ ಬಂತು ಎಂದು ತಾನೇ ತಲೆ ಕೆರೆದುಕೊಂಡು, ಮುಂದಿನ ವಾರ ಬನ್ನಿ, ದೊಡ್ಡ ಡಾಕ್ಟರನ್ನು ಕೇಳಿ ಹೇಳುತ್ತೇನೆ ಎಂದಳು.

ಮುಂದಿನ ವಾರದ ತನಕ ಯಾರು ಕಾಯುತ್ತಾರೆ? ಸಂತೆಯಲ್ಲಿ ಕೊಡೆಯ ಕೆಳಗೆ ಕೂತು ಹಲ್ಲು ಕೀಳುವವನೊಬ್ಬ ಇದ್ದ. ಇಲ್ಲಿ ಆಗದಿದ್ದರೆ ಅವನ ಹತ್ತಿರ ಹೋಗುತ್ತೇವೆ ಎಂದು ನೀಲವ್ವ ಮೊಮ್ಮಗಳ ರಟ್ಟೆ ಹಿಡಿದು ಎಬ್ಬಿಸಿದಳು. ಹುಡುಗಿ ನನ್ನ ಕಡೆ ನೋಡಿದಳು. ಅವಳು ಅಳಲಿಲ್ಲ, ಹಾಗಾಗಿ ನನಗೆ ಇನ್ನೂ ಕೆಟ್ಟದೆನಿಸಿತು. ಗಟ್ಟಿಯಾದ ನಾಲ್ಕು ಹಲ್ಲು ಇನ್ನೊಂದು ತಾಸಿನಲ್ಲಿ ಸಂತೆಯ ಮಣ್ಣಿನಲ್ಲಿ ಬಿದ್ದಿರುತ್ತವೆ ಎಂದು ನನಗೆ ಖಾತ್ರಿಯಾಗಿತ್ತು.

ನಾನು ಅವರ ಹಿಂದೆಯೇ ಹೊರಗೆ ಬಂದೆ. ಬೇವಿನ ಮರದ ಕೆಳಗೆ ನೀಲವ್ವನ ಗಂಡ ಫಕೀರಪ್ಪ ಬೀಡಿ ಸೇದುತ್ತಾ ಕೂತಿದ್ದ. ದನದ ಸಂತೆಯಲ್ಲಿ ದಲಾಲಿ ಮಾಡುವವನು. ಎತ್ತಿನ ಹಲ್ಲು ಹಿಡಿದು ವಯಸ್ಸು ಹೇಳುವುದು ಅವನ ಹೊಟ್ಟೆಪಾಡು. ಊರಿನ ದನದ ಬಾಯೆಲ್ಲ ನೋಡುವ ಮನುಷ್ಯ, ಮೊಮ್ಮಗಳ ಬಾಯಿ ನೋಡಿದ್ದೀಯೇನಪ್ಪಾ ಎಂದು ಕೇಳಿದೆ. ಅದು ಹೆಂಗಸರ ಕೆಲಸ ಎಂದ. ನನಗೆ ಸಿಟ್ಟು ಬಂತು.

"ಕೀಳೂ ಮೊದ್ಲ ಒಂದ್ಸಲ ನೋಡಪ್ಪ. ಎತ್ತು ಕೊಳ್ಳೂವಾಗ ನೋಡಂಗಿಲ್ಲೇನ?"

ಸುತ್ತ ನಿಂತವರು ನಕ್ಕರು. ಅವನಿಗೆ ಅವಮಾನವಾಯಿತೋ ಏನೋ, ಬೀಡಿ ಒಗೆದು ಎದ್ದ. ಮೊದಲು ಕೈ ತೊಳಿ ಎಂದು ನಲ್ಲಿಗೆ ಕಳಿಸಿದೆ. ಹುಡುಗಿಯನ್ನು ಬಿಸಿಲಿಗೆ ತಿರುಗಿಸಿ, ಹೋರಿಗೆ ಮಾಡುವಂತೆಯೇ ಹೆಬ್ಬೆರಳಿನಿಂದ ತುಟಿ ಎತ್ತಿ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ತುಟಿ ಬಿಟ್ಟು ಹೇಳಿದ.

"ಇದು ಹುಳ ಅಲ್ಲ. ಕುಷ್ಟಗಿ ಕಡೀಂದ ಬರೂ ಹೋರಿಗೆ ಇಂಥಾ ಹಲ್ಲಿರ್ತಾವ. ಕರಾ ಇದ್ದಾಗ ಬೋರಿನ ನೀರು ಕುಡದ್ರ, ಆಮ್ಯಾಲ ಬರೂ ಹಲ್ಲೆಲ್ಲ ಹಿಂಗ. ಆದ್ರ ನಮ್ಮೂರಾಗ ಆ ನೀರ ಇಲ್ಲಲ್ಲ."

ನಾನು ಓದಿದವಳಲ್ಲ. ಆದರೆ ಕರಾ ಇದ್ದಾಗ, ಅಂದರೆ ಕರುವಾಗಿದ್ದಾಗ, ಅಂದನಲ್ಲ, ಅದು ನನ್ನ ಕಿವಿಗೆ ಬಿತ್ತು. ಇಷ್ಟು ವರ್ಷ ನಾವು ಪ್ರತಿಯೊಬ್ಬರನ್ನೂ ಕೇಳುತ್ತಿದ್ದುದು ಒಂದೇ ಪ್ರಶ್ನೆ, ಯಾವ ನೀರು ಕುಡಿಯುತ್ತೀರಿ. ಈಗ ಕುಡಿಯುವ ನೀರು ಕಟ್ಟಿಕೊಂಡು ಏನಾಗಬೇಕು? ಮುಂದಿನ ಹಲ್ಲು ಬಾಯಿಗೆ ಬರುವುದು ಏಳನೆಯ ವರ್ಷಕ್ಕಾದರೂ ಅದು ಒಸಡಿನ ಒಳಗೆ ತಯಾರಾಗುವುದು ಕೂಸಾಗಿದ್ದಾಗಲೇ ಎಂದು ಹಳೆಯ ಸಾಹೇಬರು ಯಾವಾಗಲೋ ಗದರುತ್ತಲೇ ಹೇಳಿದ್ದರು. ನಾನು ಶಾಂತವ್ವನ ಕಡೆ ತಿರುಗಿದೆ. ನಮ್ಮ ಕಡೆ ಚೊಚ್ಚಲ ಹೆರಿಗೆ ತವರಿನಲ್ಲಿ. ಹೆತ್ತವಳು ವಾಪಸು ಬಂದರೂ ಎಷ್ಟೋ ಕಡೆ ಮೊದಲ ಕೂಸನ್ನು ಅಜ್ಜಿ ಬಿಟ್ಟುಕೊಡುವುದಿಲ್ಲ.

ಕೂಸು ಎಷ್ಟು ವರ್ಷ ನಿನ್ನ ತವರಿನಲ್ಲಿತ್ತು ಎಂದು ಕೇಳಿದೆ. ನಾಲ್ಕು ವರ್ಷ ತುಂಬುವ ತನಕ ಎಂದು ನೀಲವ್ವನೇ ಹೇಳಿದಳು, ಅದಕ್ಕೂ ಇದಕ್ಕೂ ಏನು ಎನ್ನುವಂತೆ. ಊರು ಯಾವುದು ಎಂದೆ. ಕುಷ್ಟಗಿ ಕಡೆಯ ಒಂದು ಹಳ್ಳಿಯ ಹೆಸರನ್ನು ಶಾಂತವ್ವ ಹೇಳಿದಳು. ಫಕೀರಪ್ಪ ಹಣೆ ಬಡಿದುಕೊಂಡ. ಆ ಊರಿನ ಹೋರಿಯನ್ನು ಅವನು ಕಣ್ಣು ಮುಚ್ಚಿ ಗುರುತಿಸುತ್ತಿದ್ದನಂತೆ.

ನೀಲವ್ವ ಇನ್ನೂ ನಂಬಲಿಲ್ಲ. ಆಗ ನಾನು ಶಾಂತವ್ವನಿಗೆ ಸೆರಗು ತೆಗಿ ಎಂದೆ. ಮಾವನ ಮುಂದೆ ಹೇಗೆ ತೆಗೆಯಲಿ ಎಂದು ಹಿಂದೆ ಸರಿದಳು. ಫಕೀರಪ್ಪ ತಾನಾಗಿಯೇ ಮರದ ಆಚೆ ಹೋಗಿ ಬೆನ್ನು ತಿರುಗಿಸಿ ನಿಂತ. ಅವಳು ಮಗಳನ್ನು ನೋಡಿದಳು, ಸಂತೆಯ ಕಡೆ ನೋಡಿದಳು. ಆಮೇಲೆ ಸೆರಗು ಬಿಟ್ಟಳು.

ಅವಳ ಹಲ್ಲಿಗೂ ಅದೇ ಮಚ್ಚೆ. ಮಗಳದು ಬಿಳಿ, ಇವಳದು ಕಂದು. ಹದಿನಾಲ್ಕು ವರ್ಷ ಒಂದೇ ಒಲೆಯ ಮುಂದೆ ಕೂತ ಅತ್ತೆ, ಸೊಸೆಯ ಹಲ್ಲನ್ನು ಅವತ್ತೇ ಮೊದಲು ಸರಿಯಾಗಿ ನೋಡಿದ್ದು.

"ನಮ್ಮೂರ ಮಂದಿಗೆಲ್ಲ ಹಿಂಗ ಅದಾವ್ರಿ ಅತ್ತಿ. ನನಗ ಮೊದ್ಲ ಸಂಶೆ ಇತ್ತು. ಹೇಳಿದ್ರ ನೀವು ನಮ್ಮ ತವರಮನಿಗೆ ಬೈತೀರಿ ಅಂತ ಸುಮ್ಮಿದ್ದೆ."

"ಹುಡುಗಿ ಹಲ್ಲು ಹೋಗೂತನಕ ಸುಮ್ಮ ಇರಾಕಿ ಇದ್ದೇನ?" ಎಂದಳು ನೀಲವ್ವ. ಜಗಳವಾಗುತ್ತದೆ ಎಂದುಕೊಂಡೆ. ಆಗಲಿಲ್ಲ. ನೀಲವ್ವ ಹುಡುಗಿಯ ರಟ್ಟೆ ಬಿಟ್ಟು, ಬಾ ಒಳಗೆ ಎಂದು ನನಗೇ ಹುಕುಂ ಮಾಡಿದಳು.

ಒಳಗೆ ಹೋಗಿ ಮೇಡಂಗೆ ಹೇಳಿದೆ. ಅವಳು ನನ್ನನ್ನು ನೋಡಿದಳು, ಹುಡುಗಿಯ ಕೇಸ್ ಪೇಪರು ನೋಡಿದಳು, ತಪ್ಪು ತನ್ನದೇ ಎಂದು ಒಪ್ಪಿಕೊಂಡಳು. ಪುಸ್ತಕದಲ್ಲಿ ಇದು ಇತ್ತು, ಸಾಲು ನೋಡಿ ಗಡಿಬಿಡಿಯಲ್ಲಿ ಕೇಳಲು ಮರೆತೆ ಎಂದಳು. ಇಷ್ಟು ಸರಳವಾಗಿ ತಪ್ಪು ಒಪ್ಪಿಕೊಂಡ ಮೇಲಧಿಕಾರಿಯನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ. ಆವತ್ತಿನಿಂದ ನಮ್ಮ ಕೇಸ್ ಪೇಪರಿನಲ್ಲಿ ಮೇಡಂ ತನ್ನ ಕೈಯಿಂದಲೇ ಒಂದು ಸಾಲು ಹೆಚ್ಚು ಬರೆಯತೊಡಗಿದಳು: ಕೂಸಿದ್ದಾಗ ಎಲ್ಲಿ ಬೆಳೆಯಿತು. ನೀವೂ ಅದನ್ನು ಕೇಳದೆ ಯಾರನ್ನೂ ಕುರ್ಚಿಯಿಂದ ಇಳಿಸಬೇಡಿ.

ರೇಣುಕಾಳಿಗೆ ಮೂರು ಸಲ ಬರಹೇಳಿದರು. ಹಲ್ಲಿನ ಸುತ್ತ ರಬ್ಬರಿನ ಹಾಳೆ ಕಟ್ಟಿ, ಒಸಡಿಗೆ ತಾಗದ ಹಾಗೆ ಆಸಿಡ್ ಬೆರೆಸಿದ ಪುಡಿಯನ್ನು ಹಚ್ಚಿ ಮೆಲ್ಲಗೆ ಉಜ್ಜುವುದು, ತೊಳೆಯುವುದು, ಮತ್ತೆ ಉಜ್ಜುವುದು. ಮೇಲಿನ ಕೂದಲೆಳೆಯಷ್ಟು ಪದರ ಮಾತ್ರ ಹೋಗುತ್ತದೆ. ಇದನ್ನು ಕೇಳಿ ಮನೆಯಲ್ಲಿ ನಿಂಬೆಹಣ್ಣು, ಇಟ್ಟಿಗೆ ಪುಡಿ ಹಾಕಿ ಉಜ್ಜಬೇಡಿ ಎಂದು ಬಂದವರಿಗೆಲ್ಲ ಹೇಳಿ. ಮೇಡಂ ಅಷ್ಟು ಓದಿದ್ದೂ ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದಕ್ಕೇ. ಆಳವಾದ ಮಚ್ಚೆಯಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಮೇಲೆ ಹಲ್ಲಿನ ಬಣ್ಣದ ಸಿಮೆಂಟಿನ ತೆಳು ಪದರ ಹಚ್ಚಬೇಕು. ಅದನ್ನು ಗಟ್ಟಿ ಮಾಡುವ ಯಂತ್ರ ನಮ್ಮ ಕೋಣೆಗೆ ಆ ವರ್ಷವೇ ಬಂದಿತ್ತು, ನೀಲಿ ಬೆಳಕು ಬಿಡುವಂಥದ್ದು; ಹಳೆಯ ಸಾಹೇಬರ ಸಿಮೆಂಟು ತಾನಾಗಿಯೇ ಗಟ್ಟಿಯಾಗುತ್ತಿತ್ತು. ಆ ಬೆಳಕನ್ನು ದಿಟ್ಟಿಸಿ ನೋಡಬೇಡಿ, ನಾನು ನೋಡಿ ಕಣ್ಣು ಉರಿಸಿಕೊಂಡಿದ್ದೇನೆ.

ಮೂರನೆಯ ಸಲ ಮುಗಿದ ಮೇಲೆ ಕನ್ನಡಿ ಕೊಟ್ಟೆ. ಹುಡುಗಿ ಬೆಳಕಿಗೆ ತಿರುಗಿ ತಿರುಗಿ ನೋಡಿಕೊಂಡಳು.

"ಇನ್ನೂ ಚೂರು ಕಾಣ್ತಾವಲ್ಲ ಆಯಿ."

"ಕಾಣಲಿ ಬಿಡು. ನಿನ್ನವ ಹಲ್ಲು, ಬಾಯಾಗ ಅದಾವಲ್ಲ?"

ಅವಳು ನಕ್ಕಳು. ಕೈ ಅಡ್ಡ ಹಿಡಿಯಲಿಲ್ಲ. ಮೇಡಂ ಕೈಗವಸು ತೆಗೆದು ಶಾಂತವ್ವನ ಕಡೆ ತಿರುಗಿ, ಇನ್ನು ಬರುವುದು ಬೇಡ, ತವರಿಗೆ ಹೋದರೆ ಅಲ್ಲಿಯ ಚಿಕ್ಕ ಮಕ್ಕಳಿಗೆ ಬೋರಿನ ನೀರು ಕುಡಿಸಬೇಡಿ ಎಂದು ಹೇಳಿ ಎಂದಳು. ಅದನ್ನು ತಾನೇ ಹೋಗಿ ಬೀಗರಿಗೆ ಹೇಳುತ್ತೇನೆ ಎಂದು ನೀಲವ್ವ ಅಂದಳು. ಹೇಗೆ ಹೇಳುತ್ತಾಳೋ ಎಂದು ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ಮುಂದಿನ ರೋಗಿಯನ್ನು ಕೂಗಲು ಬಾಗಿಲಿಗೆ ಹೋದರೆ ನೀಲವ್ವ ನನ್ನ ಕೈಗೆ ಇನ್ನೊಂದು ಚೀಟಿ ಇಟ್ಟಳು. ಬೆಳಿಗ್ಗೆಯೇ ಸಾಲಿನಲ್ಲಿ ನಿಂತು ಎರಡು ಚೀಟಿ ಮಾಡಿಸಿದ್ದಳಂತೆ. ಅವಳು ತಂಬಾಕಿನ ಪುಡಿಯಲ್ಲಿ ಹಲ್ಲು ತಿಕ್ಕುವವಳು. ನಿಮ್ಮ ಹಲ್ಲಿಗೆ ಇಲ್ಲಿ ಮದ್ದಿಲ್ಲ ನೀಲವ್ವಾ, ಮೊದಲು ಪುಡಿ ಬಿಡಿ ಎಂದು ನಾನು ಶುರು ಮಾಡಿದೆ.

"ನನಗಲ್ಲ" ಎಂದು ಅವಳು ಸೊಸೆಯ ಬೆನ್ನ ಮೇಲೆ ಕೈಯಿಟ್ಟು ಮುಂದೆ ನೂಕಿದಳು. "ಇಕಿನ್ನ ಕೂಡಸ್ರಿ. ಹದಿನಾಲ್ಕು ವರ್ಷ ಆತು, ನಕ್ಕಿದ್ದು ಒಂದಿನ ನೋಡಿಲ್ಲ."

ನಾನು ಕುರ್ಚಿ ಒರೆಸಿ, ಹೊಸ ಲೋಟದಲ್ಲಿ ನೀರು ತುಂಬಿಟ್ಟೆ. ಮೇಡಂ ಹಲ್ಲಿನ ಬಣ್ಣ ಹೊಂದಿಸುವ ಪಟ್ಟಿ ಕೈಗೆತ್ತಿಕೊಂಡಳು.